ಅಂಗ್ವಿಲ್ಲಿಕೋಲ ಕ್ರಾಸಸ್

ಅಂಗ್ವಿಲ್ಲಿಕೋಲ ಕ್ರಾಸಸ್ ಎಂಬುದು ಹಾವುಮೀನುಗಳ ಗಾಳಿಚೀಲದಲ್ಲಿ ನೆಲೆಸಿ, ಅವುಗಳ ರಕ್ತವನ್ನು ಹೀರಿ ಬದುಕುವ ಒಂದು ಪರಾವಲಂಬಿ ದುಂಡುಹುಳು. ನೆಮಟೋಡ ವಂಶದ ಅಂಗ್ವಿಲ್ಲಿಕೋಲಿಡೆ ಕುಟುಂಬಕ್ಕೆ ಸೇರಿದ ಈ ಪ್ರಭೇದವನ್ನು 1974ರಲ್ಲಿ ಜಪಾನಿನ ಕುವಹಾರ, ನೀಮಿ ಮತ್ತು ಇತಗಾಕಿ ಎಂಬ ಮೂವರು ವಿಜ್ಞಾನಿಗಳು ಮೊದಲ ಬಾರಿಗೆ ವಿವರಿಸಿದರು. ಪೂರ್ವ ಏಷ್ಯಾದ ಜಪಾನೀ ಹಾವುಮೀನು ಇದರ ಸಹಜ ಆತಿಥೇಯ. ಜೀವಂತ ಮೀನುಗಳ ವ್ಯಾಪಾರದ ಮೂಲಕ ಈ ಹುಳು 1980ರ ದಶಕದ ಆರಂಭದಲ್ಲಿ ಯುರೋಪನ್ನೂ 1990ರ ದಶಕದಲ್ಲಿ ಉತ್ತರ ಅಮೆರಿಕವನ್ನೂ ತಲುಪಿತು. ಜಪಾನೀ ಹಾವುಮೀನಿಗೆ ಅಷ್ಟಾಗಿ ಕೇಡು ಮಾಡದ ಇದು ಯುರೋಪಿನ ಹಾವುಮೀನಿನ ಗಾಳಿಚೀಲವನ್ನು ತೀವ್ರವಾಗಿ ಹಾಳುಗೆಡಹುತ್ತದೆ. ಪರಾವಲಂಬಿಯೊಂದರ ನಿಖರವಾದ ವಿವರಣೆ ಮತ್ತು ಹೆಸರು ಅದರ ಮೂಲವನ್ನು, ಹರಡಿದ ದಾರಿಯನ್ನು ಹಾಗೂ ಅಪಾಯವನ್ನು ಅರಿಯಲು ಎಷ್ಟು ಅಗತ್ಯ ಎಂಬುದಕ್ಕೆ ಈ ಪ್ರಭೇದ ಒಂದು ಉತ್ತಮ ನಿದರ್ಶನವಾಗಿದೆ.

## ಹಿನ್ನೆಲೆ

ಅಂಗ್ವಿಲ್ಲ ಕುಲದ ಹಾವುಮೀನುಗಳು ತಮ್ಮ ಬಾಳಿನ ಬಹುಭಾಗವನ್ನು ನದಿ, ಕೆರೆ, ಅಳಿವೆಗಳಲ್ಲಿ ಕಳೆದು, ಮೊಟ್ಟೆಯಿಡಲು ಸಮುದ್ರಕ್ಕೆ ತೆರಳುತ್ತವೆ. ಕನ್ನಡದಲ್ಲಿ ಹಾವಿನಂತೆ ಉದ್ದನೆಯ ದೇಹವುಳ್ಳ ಬೇರೆ ಮೀನುಗಳನ್ನೂ ಹಾವುಮೀನು ಎಂದು ಕರೆಯುವುದುಂಟು. ಈ ಲೇಖನದಲ್ಲಿ ಆ ಹೆಸರನ್ನು ಅಂಗ್ವಿಲ್ಲ ಕುಲಕ್ಕೆ ಮಾತ್ರ ಬಳಸಲಾಗಿದೆ. ಭಾರತದ ನದಿಗಳಲ್ಲಿ ಕಾಣಸಿಗುವ ಅಂಗ್ವಿಲ್ಲ ಬೆಂಗಾಲೆನ್ಸಿಸ್ ಕೂಡ ಇದೇ ಕುಲದ್ದು.

ಗಾಳಿಚೀಲವು ಮೀನಿನ ಬೆನ್ನುಮೂಳೆಯ ಕೆಳಗೆ ಇರುವ, ಅನಿಲ ತುಂಬಿದ ಅಂಗ. ಇದರೊಳಗಿನ ಅನಿಲದ ಪ್ರಮಾಣವನ್ನು ಹೊಂದಿಸಿಕೊಂಡು ಮೀನು ಹೆಚ್ಚಿನ ಶ್ರಮವಿಲ್ಲದೆ ನೀರಿನ ಬೇರೆ ಬೇರೆ ಆಳಗಳಲ್ಲಿ ತೇಲುತ್ತದೆ. ಹಾವುಮೀನಿನಲ್ಲಿ ಈ ಚೀಲವು ಒಂದು ಸಣ್ಣ ನಾಳದ ಮೂಲಕ ಅನ್ನನಾಳದೊಂದಿಗೆ ಕೂಡಿಕೊಂಡಿದೆ. ಹುಳುವಿನ ಸಂತತಿ ಹೊರಬರುವುದು ಈ ನಾಳದ ಮೂಲಕವೇ.

## ಹೆಸರು

ಅಂಗ್ವಿಲ್ಲಿಕೋಲ ಎಂಬ ಕುಲನಾಮದಲ್ಲಿ ಎರಡು ಭಾಗಗಳಿವೆ. ಅಂಗ್ವಿಲ್ಲ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಾವುಮೀನು. ಕೋಲ ಎಂಬ ಪ್ರತ್ಯಯಕ್ಕೆ ವಾಸಿಸುವುದು ಎಂಬ ಅರ್ಥವಿದೆ. ಕ್ರಾಸಸ್ ಎಂದರೆ ದಪ್ಪನೆಯದು. ಹೀಗೆ ಇಡೀ ಹೆಸರಿಗೆ 'ಹಾವುಮೀನಿನಲ್ಲಿ ವಾಸಿಸುವ ದಪ್ಪನೆಯ ಜೀವಿ' ಎಂದು ಅರ್ಥ ಹೇಳಬಹುದು.

1974ರ ಮೂಲ ಪ್ರಬಂಧದಲ್ಲಿ ಹೆಸರು 'ಅಂಗ್ವಿಲ್ಲಿಕೋಲ ಕ್ರಾಸ' ಎಂದಿತ್ತು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ, ವಿಶೇಷಣರೂಪದ ಪ್ರಭೇದನಾಮವು ಕುಲನಾಮದ ವ್ಯಾಕರಣ ಲಿಂಗವನ್ನು ಅನುಸರಿಸಬೇಕು. ಕೋಲ ಎಂದು ಕೊನೆಗೊಳ್ಳುವ ಕುಲನಾಮಗಳನ್ನು ಸಾಮಾನ್ಯವಾಗಿ ಪುಲ್ಲಿಂಗವೆಂದು ಪರಿಗಣಿಸುವುದರಿಂದ 'ಕ್ರಾಸ' ಎಂಬುದನ್ನು ಮುಂದೆ 'ಕ್ರಾಸಸ್' ಎಂದು ತಿದ್ದಲಾಯಿತು. ಇಂತಹ ತಿದ್ದುಪಡಿಯಿಂದ ಹೆಸರನ್ನು ಮೊದಲು ಕೊಟ್ಟವರ ಮನ್ನಣೆಯಾಗಲಿ ವರ್ಷವಾಗಲಿ ಬದಲಾಗುವುದಿಲ್ಲ.

## ಪ್ರಭೇದದ ವಿವರಣೆ

### ಕುಲದ ಸ್ಥಾಪನೆ ಮತ್ತು 1974ರ ವಿವರಣೆ

ಜಪಾನಿನ ಪರಾವಲಂಬಿಶಾಸ್ತ್ರಜ್ಞ ಸತ್ಯು ಯಮಗುತಿ 1935ರಲ್ಲಿ ಜಪಾನೀ ಹಾವುಮೀನಿನ ಗಾಳಿಚೀಲದಲ್ಲಿ ದೊರೆತ ಹುಳುವಿಗೆ ಅಂಗ್ವಿಲ್ಲಿಕೋಲ ಗ್ಲೋಬಿಸೆಪ್ಸ್ ಎಂದು ಹೆಸರಿಟ್ಟು, ಅದಕ್ಕಾಗಿ ಹೊಸ ಕುಲವನ್ನು ಸ್ಥಾಪಿಸಿದರು. ಗ್ಲೋಬಿಸೆಪ್ಸ್ ಎಂದರೆ ಗುಂಡುತಲೆಯದು. ಆ ಹುಳುವಿನ ತಲೆಯ ಭಾಗ ಗುಂಡಾಗಿ ಉಬ್ಬಿಕೊಂಡಿರುತ್ತದೆ.

1974ರಲ್ಲಿ ಕುವಹಾರ ಮತ್ತು ಸಂಗಡಿಗರು ಪರೀಕ್ಷಿಸಿದ ಹುಳುಗಳು ಜಪಾನಿನ ಸಾಕಣೆ ಕೊಳಗಳ ಹಾವುಮೀನುಗಳಲ್ಲಿ ದೊರೆತವು. ಇವುಗಳಲ್ಲಿ ಗುಂಡನೆಯ ತಲೆಯುಬ್ಬು ಇರಲಿಲ್ಲ. ದೇಹವೂ ಹೆಚ್ಚು ಸ್ಥೂಲವಾಗಿತ್ತು. ಆದ್ದರಿಂದ ಅವರು ಇದನ್ನು ಪ್ರತ್ಯೇಕ ಪ್ರಭೇದವೆಂದು ವಿವರಿಸಿದರು. ಆ ವೇಳೆಗೆ ಜಪಾನಿನ ಸಾಕಣೆದಾರರು ಯುರೋಪಿನ ಹಾವುಮೀನಿನ ಮರಿಗಳನ್ನೂ ತರಿಸಿ ಬೆಳೆಸುತ್ತಿದ್ದರು. ಹೊಸ ಹುಳು ಸ್ಥಳೀಯ ಹಾವುಮೀನಿನಲ್ಲಿ ಮಾತ್ರವಲ್ಲದೆ ಈ ಪರದೇಶದ ಮೀನಿನಲ್ಲಿಯೂ ಕಂಡುಬಂದಿತ್ತು. ಅಂದರೆ ಹುಳು ಯುರೋಪನ್ನು ಮುಟ್ಟುವ ಹಲವು ವರ್ಷಗಳ ಮೊದಲೇ, ಅದು ಯುರೋಪಿನ ಹಾವುಮೀನಿನಲ್ಲಿ ಬದುಕಬಲ್ಲದು ಎಂಬ ಸಂಗತಿ ದಾಖಲೆಯಲ್ಲಿತ್ತು.

### ದುಂಡುಹುಳುವಿನ ಪ್ರಭೇದವನ್ನು ವಿವರಿಸುವ ಕ್ರಮ

ಮೀನಿನ ಪರಾವಲಂಬಿ ದುಂಡುಹುಳುವೊಂದು ಹೊಸ ಪ್ರಭೇದವೆಂದು ಮಾನ್ಯವಾಗಲು ಅದು ಮೊದಲ ಬಾರಿಗೆ ಕಣ್ಣಿಗೆ ಬಿದ್ದರೆ ಸಾಲದು. ಅದು ಈಗಾಗಲೇ ಹೆಸರಿರುವ ಪ್ರಭೇದಗಳಿಂದ ಹೇಗೆ ಬೇರೆ ಎಂಬುದನ್ನು ಪ್ರಕಟಿತ ಪ್ರಬಂಧದಲ್ಲಿ ತೋರಿಸಿಕೊಡಬೇಕು. ಈ ಕೆಲಸದಲ್ಲಿ ಸಾಮಾನ್ಯವಾಗಿ ಕೆಳಗಿನ ಹಂತಗಳಿರುತ್ತವೆ.

* ಸಂಗ್ರಹಣೆ: ಆಗತಾನೆ ಸತ್ತ ಮೀನಿನಿಂದ ಹುಳುಗಳನ್ನು ಜೀವಂತವಾಗಿರುವಾಗಲೇ ತೆಗೆದು, ಲವಣದ್ರಾವಣದಲ್ಲಿ ತೊಳೆಯಲಾಗುತ್ತದೆ. ಬಹಳ ಹೊತ್ತು ಸತ್ತುಬಿದ್ದ ಹುಳು ಸುಕ್ಕುಗಟ್ಟಿ ಆಕಾರಗೆಡುವುದರಿಂದ ಅದರ ಅಳತೆಗಳನ್ನು ನಂಬುವಂತಿಲ್ಲ.
* ಸಂರಕ್ಷಣೆ: ರೂಪ ಪರೀಕ್ಷೆಗೆಂದು ಕೆಲವು ಹುಳುಗಳನ್ನು ಬಿಸಿಯಾದ ಫಾರ್ಮಾಲಿನ್ ದ್ರಾವಣದಲ್ಲಿ ನೇರವಾಗಿ ಚಾಚಿಕೊಳ್ಳುವಂತೆ ಮಾಡಿ ಇಡಲಾಗುತ್ತದೆ. ಫಾರ್ಮಾಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ತಳಿ ಪರೀಕ್ಷೆಗೆ ಬೇಕಾದ ತುಣುಕುಗಳನ್ನು ಎಥನಾಲ್‌ನಲ್ಲಿ ಬೇರೆಯಾಗಿ ಇರಿಸಬೇಕು.
* ಪರೀಕ್ಷೆ: ಗ್ಲಿಸರಿನ್‌ನಲ್ಲಿಟ್ಟಾಗ ಹುಳುವಿನ ದೇಹ ಪಾರದರ್ಶಕವಾಗಿ ಒಳಗಿನ ಅಂಗಗಳು ಕಾಣುತ್ತವೆ. ಬಾಯಿಯ ರಚನೆ, ಅನ್ನನಾಳದ ಉದ್ದ ಮತ್ತು ಆಕಾರ, ನರವಲಯದ ಸ್ಥಾನ, ಬಾಲದ ಭಾಗದ ಸಣ್ಣ ಗುಬುಟುಗಳ ಸಂಖ್ಯೆ, ಹೆಣ್ಣಿನ ಜನನರಂಧ್ರದ ಸ್ಥಾನ ಮುಂತಾದವನ್ನು ಅಳೆದು ಚಿತ್ರಿಸಲಾಗುತ್ತದೆ. ತುಟಿ ಹಾಗೂ ಹಲ್ಲುಗಳ ಸೂಕ್ಷ್ಮ ವಿವರಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೆರವಾಗುತ್ತದೆ.
* ಹೋಲಿಕೆ: ಅದೇ ಕುಲದ ಎಲ್ಲ ಪ್ರಭೇದಗಳ ಮೂಲ ವಿವರಣೆಗಳೊಂದಿಗೆ, ಸಾಧ್ಯವಾದರೆ ವಸ್ತುಸಂಗ್ರಹಾಲಯಗಳಲ್ಲಿರುವ ಮೂಲ ನಮೂನೆಗಳೊಂದಿಗೆ, ಹೊಸ ಹುಳುವನ್ನು ಹೋಲಿಸಲಾಗುತ್ತದೆ.
* ನಮೂನೆಯ ನಿಗದಿ: ಹೆಸರಿಗೆ ಆಧಾರವಾಗಿ ಒಂದು ಹುಳುವನ್ನು ಹೋಲೋಟೈಪ್ ಎಂದು ಗೊತ್ತುಪಡಿಸಿ, ಮುಂದಿನವರೂ ನೋಡಲು ಸಾಧ್ಯವಾಗುವ ಸಂಗ್ರಹದಲ್ಲಿ ಇರಿಸಲಾಗುತ್ತದೆ. ಆತಿಥೇಯ ಮೀನು, ದೊರೆತ ಸ್ಥಳ, ದೇಹದಲ್ಲಿ ನೆಲೆಸಿದ್ದ ಅಂಗ ಇವುಗಳನ್ನೂ ದಾಖಲಿಸಲಾಗುತ್ತದೆ.

ಅಂಗ್ವಿಲ್ಲಿಕೋಲ ಕುಲದಲ್ಲಿ ಈ ಕೆಲಸಕ್ಕೆ ಎರಡು ವಿಶೇಷ ತೊಡಕುಗಳಿವೆ. ಮೊದಲನೆಯದಾಗಿ, ಅನೇಕ ದುಂಡುಹುಳುಗಳಲ್ಲಿ ಗಂಡಿನ ಬಾಲದ ಬಳಿಯಿರುವ, ಸಂಗಮಕ್ಕೆ ನೆರವಾಗುವ ಗಟ್ಟಿ ಮುಳ್ಳುಗಳ ಉದ್ದ ಮತ್ತು ಆಕಾರವೇ ಪ್ರಭೇದವನ್ನು ಗುರುತಿಸುವ ಮುಖ್ಯ ಲಕ್ಷಣ. ಈ ಕುಲದ ಗಂಡುಗಳಿಗೆ ಅಂತಹ ಮುಳ್ಳುಗಳೇ ಇಲ್ಲ. ಎರಡನೆಯದಾಗಿ, ಹುಳುವಿನ ಗಾತ್ರವು ಆತಿಥೇಯ ಮೀನನ್ನು ಅವಲಂಬಿಸಿ ಬದಲಾಗುತ್ತದೆ. ಒಂದೇ ಪ್ರಭೇದದ ಹುಳು ಯುರೋಪಿನ ಹಾವುಮೀನಿನಲ್ಲಿ ದೊಡ್ಡದಾಗಿಯೂ ಜಪಾನೀ ಹಾವುಮೀನಿನಲ್ಲಿ ಚಿಕ್ಕದಾಗಿಯೂ ಬೆಳೆಯುತ್ತದೆ. ಆದ್ದರಿಂದ ಅಳತೆಯೊಂದನ್ನೇ ನಂಬಿ ಪ್ರಭೇದವನ್ನು ನಿರ್ಣಯಿಸಿದರೆ ತಪ್ಪಾಗುವ ಸಾಧ್ಯತೆಯಿದೆ.

### 1988ರ ಪರಿಷ್ಕರಣೆ

ಇಟಲಿಯ ಬ್ರಾಚಾನೊ ಸರೋವರದ ಹಾವುಮೀನುಗಳಲ್ಲಿ ಗಾಳಿಚೀಲದ ಹುಳು ಕಂಡುಬಂದಾಗ ಅದನ್ನು ಆಸ್ಟ್ರೇಲಿಯಾದ ಅಂಗ್ವಿಲ್ಲಿಕೋಲ ಆಸ್ಟ್ರೇಲಿಯೆನ್ಸಿಸ್ ಎಂದು 1982ರಲ್ಲಿ ವರದಿ ಮಾಡಲಾಗಿತ್ತು. ಅದೇ ಕಾಲದಲ್ಲಿ ಉತ್ತರ ಜರ್ಮನಿಯಲ್ಲಿಯೂ ಗಾಳಿಚೀಲದ ಹುಳುಗಳು ಕಾಣಿಸಿಕೊಂಡವು. ಇವೆಲ್ಲವೂ ಒಂದೇ ಹುಳುವೋ ಬೇರೆ ಬೇರೆಯೋ ಎಂಬುದು ಇತ್ಯರ್ಥವಾಗದೆ ಅವು ಎಲ್ಲಿಂದ ಬಂದವೆಂದು ಹೇಳುವುದು ಸಾಧ್ಯವಿರಲಿಲ್ಲ.

ಚೆಕ್ ವಿಜ್ಞಾನಿ ಫ್ರಾಂಟಿಶೆಕ್ ಮೊರಾವೆಕ್ ಮತ್ತು ಜರ್ಮನಿಯ ಹೋರ್ಸ್ಟ್ ತರಾಶೆವ್‌ಸ್ಕಿ 1988ರಲ್ಲಿ ಇಡೀ ಕುಲವನ್ನು ಪರಿಷ್ಕರಿಸಿ, ಎರಡು ಹೊಸ ಪ್ರಭೇದಗಳನ್ನು ವಿವರಿಸಿದರು. ಇಟಲಿಯ ಸರೋವರದ ಹುಳು ಆಸ್ಟ್ರೇಲಿಯಾದ್ದಲ್ಲ, ನ್ಯೂಜಿಲೆಂಡಿನ ಹಾವುಮೀನುಗಳಲ್ಲಿರುವ ಪ್ರಭೇದ ಎಂದು ತೀರ್ಮಾನವಾಯಿತು. 1975ರಲ್ಲಿ ನ್ಯೂಜಿಲೆಂಡಿನಿಂದ ತಂದ ಹಾವುಮೀನುಗಳನ್ನು ಆ ಸರೋವರಕ್ಕೆ ಬಿಟ್ಟಿದ್ದರಿಂದ ಹುಳುವಿನ ಮೂಲ ಸ್ಪಷ್ಟವಾಯಿತು. ಯುರೋಪಿನ ಉಳಿದೆಡೆ ವೇಗವಾಗಿ ಹರಡುತ್ತಿದ್ದ ಹುಳು ಪೂರ್ವ ಏಷ್ಯಾದ ಅಂಗ್ವಿಲ್ಲಿಕೋಲ ಕ್ರಾಸಸ್ ಎಂಬುದೂ ಖಚಿತವಾಯಿತು.

ಈ ಪರಿಷ್ಕರಣೆಯಂತೆ ಕುಲದಲ್ಲಿ ಐದು ಪ್ರಭೇದಗಳಿವೆ.

* ಅಂಗ್ವಿಲ್ಲಿಕೋಲ ಗ್ಲೋಬಿಸೆಪ್ಸ್ (ಯಮಗುತಿ, 1935): ಪೂರ್ವ ಏಷ್ಯಾ
* ಅಂಗ್ವಿಲ್ಲಿಕೋಲ ಆಸ್ಟ್ರೇಲಿಯೆನ್ಸಿಸ್ (ಜಾನ್‌ಸ್ಟನ್ ಮತ್ತು ಮಾಸನ್, 1940): ಆಸ್ಟ್ರೇಲಿಯಾ
* ಅಂಗ್ವಿಲ್ಲಿಕೋಲ ಕ್ರಾಸಸ್ (ಕುವಹಾರ, ನೀಮಿ ಮತ್ತು ಇತಗಾಕಿ, 1974): ಪೂರ್ವ ಏಷ್ಯಾ
* ಅಂಗ್ವಿಲ್ಲಿಕೋಲ ನೋವೆಜೀಲ್ಯಾಂಡಿಯೆ (ಮೊರಾವೆಕ್ ಮತ್ತು ತರಾಶೆವ್‌ಸ್ಕಿ, 1988): ನ್ಯೂಜಿಲೆಂಡ್
* ಅಂಗ್ವಿಲ್ಲಿಕೋಲ ಪೇಪರ್ನಾಯ್ (ಮೊರಾವೆಕ್ ಮತ್ತು ತರಾಶೆವ್‌ಸ್ಕಿ, 1988): ದಕ್ಷಿಣ ಆಫ್ರಿಕಾ

### ಕುಲನಾಮದ ಬದಲಾವಣೆಗಳು

1988ರ ಪರಿಷ್ಕರಣೆಯಲ್ಲಿ ಗ್ಲೋಬಿಸೆಪ್ಸ್ ಹೊರತುಪಡಿಸಿ ಉಳಿದ ನಾಲ್ಕು ಪ್ರಭೇದಗಳನ್ನು ಅಂಗ್ವಿಲ್ಲಿಕೋಲಾಯ್ಡಿಸ್ ಎಂಬ ಉಪಕುಲದಲ್ಲಿ ಇರಿಸಲಾಗಿತ್ತು. 2006ರಲ್ಲಿ ಮೊರಾವೆಕ್ ಈ ಉಪಕುಲವನ್ನು ಸ್ವತಂತ್ರ ಕುಲದ ಮಟ್ಟಕ್ಕೆ ಏರಿಸಿದ್ದರಿಂದ ಹುಳುವಿಗೆ ಅಂಗ್ವಿಲ್ಲಿಕೋಲಾಯ್ಡಿಸ್ ಕ್ರಾಸಸ್ ಎಂಬ ಹೆಸರು ಬಂದಿತು. 2012ರಲ್ಲಿ ಪ್ರಕಟವಾದ, ಐದೂ ಪ್ರಭೇದಗಳ ಡಿಎನ್‌ಎ ಆಧಾರಿತ ಅಧ್ಯಯನವು ಈ ವಿಭಜನೆಯನ್ನು ಸಮರ್ಥಿಸಲಿಲ್ಲ. ಎಲ್ಲ ಪ್ರಭೇದಗಳನ್ನೂ ಮತ್ತೆ ಅಂಗ್ವಿಲ್ಲಿಕೋಲ ಕುಲದಲ್ಲಿಯೇ ಇರಿಸಬೇಕೆಂದು ಅದು ಸೂಚಿಸಿತು. ಈ ಕಾರಣದಿಂದ ವೈಜ್ಞಾನಿಕ ಬರಹಗಳಲ್ಲಿ ಒಂದೇ ಹುಳುವಿಗೆ ಎರಡೂ ಹೆಸರುಗಳು ಕಾಣಸಿಗುತ್ತವೆ. ಮಾಹಿತಿ ಹುಡುಕುವವರು ಎರಡನ್ನೂ ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

## ದೇಹರಚನೆ

ಪ್ರೌಢ ಹುಳುವಿನ ದೇಹ ಮೃದುವಾಗಿದ್ದು ದಪ್ಪನೆಯ ದಾರದ ತುಂಡಿನಂತೆ ಕಾಣುತ್ತದೆ. ಹೊರಪೊರೆ ಬಹುಮಟ್ಟಿಗೆ ಪಾರದರ್ಶಕ. ಕರುಳಿನಲ್ಲಿ ತುಂಬಿಕೊಂಡ ಮೀನಿನ ರಕ್ತದಿಂದಾಗಿ ಹುಳು ಕಂದುಗಪ್ಪಾಗಿ ತೋರುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಚೆನ್ನಾಗಿ ಬೆಳೆದ ಹೆಣ್ಣು ಸುಮಾರು 7 ಸೆಂಟಿಮೀಟರ್ ಉದ್ದವಿರಬಹುದು. ಸಣ್ಣ ಬಾಯಿಯ ಒಳಭಾಗದಲ್ಲಿ ಗಟ್ಟಿಯಾದ ಕೋಶವಿದ್ದು, ಅದರ ಅಂಚಿನಲ್ಲಿ ಪುಟ್ಟ ಹಲ್ಲುಗಳು ಒಂದು ಸಾಲಿನಲ್ಲಿ ವೃತ್ತಾಕಾರವಾಗಿ ಜೋಡಣೆಗೊಂಡಿರುತ್ತವೆ. ಅನ್ನನಾಳವು ಮಾಂಸಲವಾಗಿದ್ದು ರಕ್ತವನ್ನು ಹೀರಲು ಅನುಕೂಲವಾಗಿದೆ. ಬಲಿತ ಹೆಣ್ಣಿನ ದೇಹದ ಬಹುಭಾಗವನ್ನು ಮೊಟ್ಟೆಗಳಿಂದ ತುಂಬಿದ ಬಿಳಿಯ ಗರ್ಭಕೋಶ ಆಕ್ರಮಿಸಿಕೊಂಡಿರುತ್ತದೆ.

## ಜೀವನಚಕ್ರ

ಹೆಣ್ಣು ಹುಳು ಹಾವುಮೀನಿನ ಗಾಳಿಚೀಲದೊಳಗೆ ಅಪಾರ ಸಂಖ್ಯೆಯಲ್ಲಿ ಮೊಟ್ಟೆಗಳನ್ನಿಡುತ್ತದೆ. ಅವುಗಳೊಳಗೆ ಎರಡನೆಯ ಹಂತದ ಲಾರ್ವಗಳು ಆಗಲೇ ರೂಪುಗೊಂಡಿರುತ್ತವೆ. ಮೊಟ್ಟೆಗಳೂ ಒಡೆದುಬಂದ ಲಾರ್ವಗಳೂ ನಾಳದ ಮೂಲಕ ಅನ್ನನಾಳವನ್ನು ಸೇರಿ, ಮೀನಿನ ಮಲದೊಂದಿಗೆ ನೀರಿಗೆ ಬೀಳುತ್ತವೆ. ಲಾರ್ವ ತಳಭಾಗದ ವಸ್ತುಗಳಿಗೆ ಬಾಲದಿಂದ ಅಂಟಿಕೊಂಡು ಬಳುಕುತ್ತಿರುತ್ತದೆ.

ಇದನ್ನು ಆಹಾರವೆಂದು ನುಂಗುವ ಸೈಕ್ಲಾಪ್ಸ್ ಮುಂತಾದ ಸಣ್ಣ ಕಠಿಣಚರ್ಮಿಗಳು ಮಧ್ಯಂತರ ಆತಿಥೇಯಗಳಾಗುತ್ತವೆ. ಅವುಗಳ ದೇಹದೊಳಗೆ ಲಾರ್ವ ಪೊರೆ ಕಳಚಿ, ಸೋಂಕು ತರಬಲ್ಲ ಮೂರನೆಯ ಹಂತವನ್ನು ತಲುಪುತ್ತದೆ. ಇದಕ್ಕೆ ಹಿಡಿಯುವ ಕಾಲ ನೀರಿನ ತಾಪಮಾನವನ್ನು ಅವಲಂಬಿಸಿದೆ. ಬೆಚ್ಚಗಿನ ನೀರಿನಲ್ಲಿ ಬೆಳವಣಿಗೆ ಬೇಗ, ತಣ್ಣೀರಿನಲ್ಲಿ ನಿಧಾನ.

ಸೋಂಕುಳ್ಳ ಸೈಕ್ಲಾಪ್ಸನ್ನು ಹಾವುಮೀನು ನೇರವಾಗಿ ತಿನ್ನಬಹುದು. ಆದರೆ ದೊಡ್ಡ ಹಾವುಮೀನುಗಳು ಇಷ್ಟು ಸಣ್ಣ ಜೀವಿಗಳನ್ನು ತಿನ್ನುವುದು ಕಡಿಮೆ. ಇಲ್ಲಿ ಸಾಗಣೆ ಆತಿಥೇಯಗಳು ಕೊಂಡಿಯಾಗುತ್ತವೆ. ಸಣ್ಣ ಮೀನುಗಳು, ಬಸವನಹುಳುಗಳು, ಗೊದಮೊಟ್ಟೆಗಳು, ಜಲಕೀಟಗಳು ಸೈಕ್ಲಾಪ್ಸನ್ನು ತಿಂದಾಗ ಲಾರ್ವ ಅವುಗಳ ದೇಹದಲ್ಲಿ ಪ್ರೌಢವಾಗದೆ ಜೀವಂತವಾಗಿ ಉಳಿಯುತ್ತದೆ. ಅವನ್ನು ಹಾವುಮೀನು ತಿಂದಾಗ ಸೋಂಕು ತಗಲುತ್ತದೆ. ಇಷ್ಟು ವಿವಿಧ ಜೀವಿಗಳನ್ನು ಬಳಸಿಕೊಳ್ಳಬಲ್ಲದ್ದರಿಂದಲೇ ಹೊಸ ಖಂಡಗಳಲ್ಲಿಯೂ ಹುಳುವಿಗೆ ನೆಲೆಯೂರುವುದು ಸುಲಭವಾಯಿತು.

ಹಾವುಮೀನಿನ ಕರುಳನ್ನು ತಲುಪಿದ ಲಾರ್ವ ಅದರ ಗೋಡೆಯನ್ನು ಕೊರೆದು, ಗಾಳಿಚೀಲದ ಗೋಡೆಯನ್ನು ಸೇರುತ್ತದೆ. ಅಲ್ಲಿ ನಾಲ್ಕನೆಯ ಹಂತಕ್ಕೆ ಬೆಳೆದು, ಬಳಿಕ ಚೀಲದ ಒಳಗೆ ಇಳಿದು ರಕ್ತ ಹೀರುತ್ತ ಪ್ರೌಢವಾಗುತ್ತದೆ.

## ಹರಡುವಿಕೆ

ಜರ್ಮನಿಯಲ್ಲಿ ಈ ಹುಳು 1982ರಲ್ಲಿ ಕಂಡುಬಂದಿತು. 1980ರಲ್ಲಿ ತೈವಾನ್‌ನಿಂದ ತರಿಸಿಕೊಂಡ ಜೀವಂತ ಹಾವುಮೀನುಗಳೊಂದಿಗೆ ಅದು ಬಂದಿರಬೇಕೆಂದು ಊಹಿಸಲಾಯಿತು. 2008ರಲ್ಲಿ ಪ್ರಕಟವಾದ ತಳಿ ಅಧ್ಯಯನವು ಯುರೋಪಿನ ಹುಳುಗಳ ಮೂಲ ತೈವಾನ್ ಎಂಬುದನ್ನು ಬೆಂಬಲಿಸಿತು. ಉತ್ತರ ಅಮೆರಿಕದ ಹುಳುಗಳು ಯುರೋಪಿನಿಂದಲ್ಲ, ಪ್ರತ್ಯೇಕವಾಗಿ ಜಪಾನಿನಿಂದ ಬಂದವು ಎಂಬುದನ್ನೂ ಅದು ಸೂಚಿಸಿತು.

ಒಂದು ದಶಕದೊಳಗೆ ಹುಳು ನೆದರ್ಲೆಂಡ್ಸ್, ಬೆಲ್ಜಿಯಂ, ಡೆನ್ಮಾರ್ಕ್, ಬ್ರಿಟನ್ ಸೇರಿದಂತೆ ಯುರೋಪಿನ ಬಹುಭಾಗವನ್ನು ವ್ಯಾಪಿಸಿತು. ಮುಂದೆ ಐರ್ಲೆಂಡ್ ಮತ್ತು ಉತ್ತರ ಆಫ್ರಿಕಾದಲ್ಲಿಯೂ ಕಂಡುಬಂದಿತು. ಕೆರೆಗಳಿಗೆ ಬಿತ್ತನೆಗಾಗಿ ಹಾವುಮೀನುಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವ ಪದ್ಧತಿ, ಜೀವಂತ ಮೀನುಗಳನ್ನು ಒಯ್ಯುವ ಲಾರಿಗಳು ದಾರಿಯಲ್ಲಿ ನೀರು ಬದಲಿಸುವುದು ಮುಂತಾದವು ಈ ವೇಗಕ್ಕೆ ಕಾರಣವಾದವು. ಅಮೆರಿಕದಲ್ಲಿ 1995ರಲ್ಲಿ ಟೆಕ್ಸಾಸ್‌ನ ಮೀನು ಸಾಕಣೆ ಕೇಂದ್ರವೊಂದರಲ್ಲಿಯೂ, ಆನಂತರ ದಕ್ಷಿಣ ಕೆರೊಲಿನಾದ ವಿನ್ಯಾ ಕೊಲ್ಲಿಯ ಕಾಡು ಹಾವುಮೀನಿನಲ್ಲಿಯೂ ಇದು ಪತ್ತೆಯಾಯಿತು. ಬಳಿಕ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿ ಕೆನಡಾವನ್ನು ತಲುಪಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಹಾವುಮೀನುಗಳಲ್ಲಿಯೂ ಇದು ವರದಿಯಾಗಿದೆ.

ಬ್ರಾಚಾನೊ ಸರೋವರದಲ್ಲಿ 1993ರಲ್ಲಿ ಅಂಗ್ವಿಲ್ಲಿಕೋಲ ಕ್ರಾಸಸ್ ಕಾಣಿಸಿಕೊಂಡ ಮೇಲೆ, ಮೊದಲೇ ಅಲ್ಲಿದ್ದ ನ್ಯೂಜಿಲೆಂಡಿನ ಪ್ರಭೇದ ಕ್ರಮೇಣ ಇಲ್ಲವಾಯಿತು. ಈ ಎರಡು ಪ್ರಭೇದಗಳು ಒಂದೇ ಮೀನಿನಲ್ಲಿದ್ದಾಗ ಅವುಗಳ ನಡುವೆ ಸಂಕರ ಸಾಧ್ಯವೆಂದು 2012ರ ಪ್ರಯೋಗವೊಂದು ತೋರಿಸಿದೆ. ಬೇರೆ ಬೇರೆ ಖಂಡಗಳಲ್ಲಿ ವಿಕಾಸಗೊಂಡ ಪ್ರಭೇದಗಳು ಮನುಷ್ಯನ ವ್ಯಾಪಾರದಿಂದ ಒಂದೆಡೆ ಸೇರಿದಾಗ ಅವುಗಳ ನಡುವಣ ಗಡಿಯೂ ಮಸುಕಾಗಬಹುದು ಎಂಬುದನ್ನು ಇದು ಸೂಚಿಸುತ್ತದೆ.

## ಆತಿಥೇಯ ಮೀನುಗಳ ಮೇಲಿನ ಪರಿಣಾಮ

ಜಪಾನೀ ಹಾವುಮೀನು ಮತ್ತು ಈ ಹುಳು ದೀರ್ಘಕಾಲ ಜೊತೆಯಾಗಿ ವಿಕಾಸಗೊಂಡಿವೆ. ಅದರ ದೇಹವು ಒಳಹೊಕ್ಕ ಲಾರ್ವಗಳಲ್ಲಿ ಹಲವನ್ನು ಸುತ್ತುವರಿದು ಕೊಲ್ಲುತ್ತದೆ. ಯುರೋಪಿನ ಹಾವುಮೀನಿನಲ್ಲಿ ಈ ರಕ್ಷಣೆ ದುರ್ಬಲ. ಹೀಗಾಗಿ ಅದರಲ್ಲಿ ಹೆಚ್ಚು ಹುಳುಗಳು ಬದುಕುಳಿದು, ದೊಡ್ಡದಾಗಿ ಬೆಳೆದು, ಹೆಚ್ಚು ಮೊಟ್ಟೆಗಳನ್ನಿಡುತ್ತವೆ.

ಲಾರ್ವಗಳ ಓಡಾಟ ಮತ್ತು ಪ್ರೌಢ ಹುಳುಗಳ ರಕ್ತಹೀರುವಿಕೆಯಿಂದ ಗಾಳಿಚೀಲದಲ್ಲಿ ರಕ್ತಸ್ರಾವ ಮತ್ತು ಉರಿಯೂತ ಉಂಟಾಗುತ್ತವೆ. ಸೋಂಕು ಮರುಕಳಿಸಿದಂತೆ, ತೆಳ್ಳಗೆ ಪಾರದರ್ಶಕವಾಗಿರಬೇಕಾದ ಗೋಡೆ ದಪ್ಪಗಟ್ಟಿ ನಾರುನಾರಾಗುತ್ತದೆ; ಚೀಲ ಕುಗ್ಗಿ ಅನಿಲವನ್ನು ಹಿಡಿದಿಡಲಾರದಂತಾಗುತ್ತದೆ. ಕೆರೆ ನದಿಗಳಲ್ಲಿರುವ ತನಕ ಅನೇಕ ಮೀನುಗಳು ಇದನ್ನು ಸಹಿಸಿಕೊಂಡು ಬದುಕುತ್ತವೆ. ಬಿಸಿ ಹೆಚ್ಚಿ ಆಮ್ಲಜನಕ ಕಡಿಮೆಯಾದಂತಹ ಸಂದರ್ಭದಲ್ಲಿ ಮಾತ್ರ ಸಾವು ಸಂಭವಿಸುವುದು ಹೆಚ್ಚು. ಹಂಗೆರಿಯ ಬಾಲಟನ್ ಸರೋವರದಲ್ಲಿ 1991ರಲ್ಲಿ ಹಾವುಮೀನುಗಳು ಭಾರಿ ಪ್ರಮಾಣದಲ್ಲಿ ಸತ್ತಾಗ ಅವುಗಳಲ್ಲಿ ಈ ಹುಳುವಿನ ತೀವ್ರ ಸೋಂಕು ಕಂಡುಬಂದಿತ್ತು.

ವಿಜ್ಞಾನಿಗಳ ಹೆಚ್ಚಿನ ಆತಂಕ ಇರುವುದು ಹಾವುಮೀನಿನ ಕೊನೆಯ ವಲಸೆಯ ಬಗ್ಗೆ. ಯುರೋಪಿನ ಹಾವುಮೀನು ಮೊಟ್ಟೆಯಿಡಲು ಅಟ್ಲಾಂಟಿಕ್ ಸಾಗರವನ್ನು ದಾಟಿ, ಸುಮಾರು 5,000ದಿಂದ 6,000 ಕಿಲೋಮೀಟರ್ ದೂರದ ಸರ್ಗಾಸೊ ಸಮುದ್ರಕ್ಕೆ ಹೋಗುತ್ತದೆ. ಈ ಪಯಣದಲ್ಲಿ ಅದು ಆಹಾರ ಸೇವಿಸುವುದಿಲ್ಲ. ಹಗಲಿನಲ್ಲಿ ನೂರಾರು ಮೀಟರ್ ಆಳಕ್ಕೆ ಇಳಿದು ರಾತ್ರಿ ಮೇಲಕ್ಕೆ ಬರುತ್ತದೆ. ಗಾಳಿಚೀಲ ಕೆಟ್ಟ ಮೀನು ಇದಕ್ಕಾಗಿ ಹೆಚ್ಚು ಶಕ್ತಿ ವ್ಯಯಿಸಬೇಕಾಗುತ್ತದೆ. ಕೃತಕ ಹರಿವಿನ ತೊಟ್ಟಿಗಳಲ್ಲಿ ಈಜಿಸಿ ನಡೆಸಿದ ಪ್ರಯೋಗಗಳಲ್ಲಿ ಸೋಂಕಿತ ಮೀನುಗಳ ಈಜುವ ಸಾಮರ್ಥ್ಯ ಕಡಿಮೆಯಾಗಿರುವುದು ಕಂಡುಬಂದಿದೆ.

ಯುರೋಪಿನ ಹಾವುಮೀನನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2008ರಿಂದ ತೀವ್ರ ಅಳಿವಿನಂಚಿನಲ್ಲಿರುವ ಪ್ರಭೇದವೆಂದು ಗುರುತಿಸಿದೆ. ಸಮುದ್ರದಿಂದ ನದಿಗಳಿಗೆ ಬರುವ ಮರಿಗಳ ಸಂಖ್ಯೆಯ ಕುಸಿತವು 1980ರ ಸುಮಾರಿಗೆ, ಅಂದರೆ ಹುಳು ಯುರೋಪಿನಲ್ಲಿ ವ್ಯಾಪಕವಾಗುವ ಮೊದಲೇ, ಆರಂಭವಾಗಿತ್ತು. ಆದ್ದರಿಂದ ಕುಸಿತಕ್ಕೆ ಹುಳುವೊಂದನ್ನೇ ಹೊಣೆ ಮಾಡಲಾಗದು. ಅತಿಯಾದ ಮೀನುಗಾರಿಕೆ, ಅಣೆಕಟ್ಟುಗಳು, ಮಾಲಿನ್ಯ, ಸಾಗರದ ಬದಲಾವಣೆಗಳ ಜೊತೆಗೆ ಇದೂ ಒಂದು ಕಾರಣವೆಂದು ಪರಿಗಣಿಸಲಾಗುತ್ತದೆ.

## ಪತ್ತೆ ಮತ್ತು ನಿಯಂತ್ರಣ

ಸಾಮಾನ್ಯವಾಗಿ ಮೀನನ್ನು ಕೊಯ್ದು ಗಾಳಿಚೀಲವನ್ನು ತೆರೆದು ಹುಳುಗಳನ್ನು ಎಣಿಸಲಾಗುತ್ತದೆ. ಆದರೆ ಎಣಿಕೆಯೊಂದರಿಂದ ಹಾನಿಯ ಅಂದಾಜು ಸಿಗುವುದಿಲ್ಲ. ಹುಳುಗಳು ಸತ್ತು ಹೋದ ಮೇಲೂ ಗೋಡೆಯ ಗಾಯ ಉಳಿದಿರುತ್ತದೆ. ತೀರ ಹಾಳಾದ ಚೀಲದಲ್ಲಿ ಹುಳುಗಳಿಗೂ ಬದುಕಲು ಆಗದೆ ಸಂಖ್ಯೆ ಸೊನ್ನೆಯಾಗಿರಬಹುದು. ಇದಕ್ಕಾಗಿ ಚೀಲದ ಪಾರದರ್ಶಕತೆ, ಬಣ್ಣ ಮತ್ತು ಸ್ರಾವ, ಗೋಡೆಯ ದಪ್ಪ ಎಂಬ ಮೂರು ಲಕ್ಷಣಗಳಿಗೆ ತಲಾ 0ಯಿಂದ 2ರವರೆಗೆ ಅಂಕ ನೀಡಿ, ಒಟ್ಟು 6 ಅಂಕಗಳ ಹಾನಿ ಸೂಚ್ಯಂಕವನ್ನು ಬಳಸಲಾಗುತ್ತದೆ. ಜೀವಂತ ಮೀನುಗಳಲ್ಲಿ ಕ್ಷಕಿರಣ ಚಿತ್ರಗಳಿಂದಲೂ ಚೀಲದ ಸ್ಥಿತಿಯನ್ನು ತಿಳಿಯಬಹುದು.

ಸಾಕಣೆ ಕೊಳಗಳಲ್ಲಿ ಲೆವಮಿಸೋಲ್‌ನಂತಹ ಹುಳುನಾಶಕ ಔಷಧಗಳಿಂದ ಪ್ರೌಢ ಹುಳುಗಳನ್ನು ಕೊಲ್ಲಬಹುದು. ನದಿ ಸರೋವರಗಳಲ್ಲಿ ಒಮ್ಮೆ ನೆಲೆಯೂರಿದ ಹುಳುವನ್ನು ನಿರ್ಮೂಲ ಮಾಡುವ ಮಾರ್ಗವಿಲ್ಲ. ಆದ್ದರಿಂದ ಸೋಂಕುಳ್ಳ ಮೀನುಗಳನ್ನು ಸೋಂಕಿಲ್ಲದ ನೀರಿಗೆ ಬಿಡದಿರುವುದು, ಸಾಗಿಸುವ ಮೊದಲು ಮೀನುಗಳನ್ನು ಪರೀಕ್ಷಿಸುವುದು, ಸಾಗಣೆಯ ನೀರನ್ನು ನದಿಗೆ ಚೆಲ್ಲದಿರುವುದು ಇವೇ ಮುಖ್ಯ ಎಚ್ಚರಿಕೆಗಳು. ಹಾವುಮೀನನ್ನು ಆಹಾರವಾಗಿ ಬಳಸುವ ಮನುಷ್ಯರಿಗೆ ಸೋಂಕು ತರುವ ಹುಳುಗಳ ಸಾಲಿನಲ್ಲಿ ಇದನ್ನು ಸೇರಿಸಲಾಗಿಲ್ಲ.